ಸಹಪ್ರಯಾಣಿಕರ ಕಿವಿಯ ಮೇಲೆ ನಮಗೆ ಅಧಿಕಾರವಿಲ್ಲ

(ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಮಾತನಾಡಲು ನಾನು ಆರಿಸಿಕೊಂಡಿರುವ ವಿಷಯ ಕೆಲವರಿಗೆ ತೀರಾ ಕ್ಷುಲ್ಲಕವೆನಿಸಬಹುದು. ದೇಶದಲ್ಲಿ ಹಸಿವಿದೆ, ನಿರುದ್ಯೋಗವಿದೆ, ದ್ವೇಷದ ರಾಜಕೀಯವಿದೆ. ಇವೆಲ್ಲವನ್ನೂ ಬದಿಗಿಟ್ಟು, ಬಸ್ಸಿನಲ್ಲಿ ಪಕ್ಕದವನು ಮೊಬೈಲ್‌ನಲ್ಲಿ ಗಟ್ಟಿಯಾಗಿ ಹಾಡು ಹಾಕುತ್ತಾನೆ ಎಂಬುದರ ಬಗ್ಗೆ ಒಂದು ಭಾಷಣ ಬೇಕೇ ಎಂದು ನೀವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ಸಮಾಜದ ಸಂಸ್ಕಾರವನ್ನು ಅಳೆಯಬೇಕಾದರೆ ಅದರ ವೇದಿಕೆಗಳನ್ನು ನೋಡಿದರೆ ಸಾಲದು. ಪರಸ್ಪರ ಪರಿಚಯವೇ ಇಲ್ಲದ ಐವತ್ತು ಮಂದಿ ಎರಡು ಗಂಟೆ ಕಾಲ ಒಂದೇ ಸೂರಿನಡಿ ಹೇಗೆ ಕುಳಿತಿರುತ್ತಾರೆ ಎಂಬುದನ್ನೂ ನೋಡಬೇಕು. ಬಸ್ಸು ಮತ್ತು ರೈಲುಗಳು ಅಂತಹ ಸ್ಥಳಗಳು. ಭಿನ್ನ ಜಾತಿ, ಮತ, ಭಾಷೆ, ವರ್ಗಗಳ ಜನರು ಭುಜಕ್ಕೆ ಭುಜ ತಾಗಿಸಿ ಕುಳಿತುಕೊಳ್ಳುವ ಜಾಗಗಳು ನಮ್ಮ ದೇಶದಲ್ಲಿ ದಿನೇ ದಿನೇ ಕಡಿಮೆಯಾಗುತ್ತಿರುವಾಗ, ಉಳಿದಿರುವ ಜಾಗಗಳಲ್ಲಿ ನಾವು ಹೇಗೆ ವರ್ತಿಸುತ್ತೇವೆ ಎಂಬುದು ಸಣ್ಣ ವಿಚಾರವಲ್ಲ.

ಮೊದಲು ಈ ಬಸ್ಸಿನಲ್ಲಿ ಯಾರಿರುತ್ತಾರೆ ಎಂಬುದನ್ನು ಯೋಚಿಸಿ. ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ದಾದಿ ಇರುತ್ತಾರೆ. ನಸುಕಿಗೇ ಎದ್ದು ಮನೆಗೆಲಸ ಮುಗಿಸಿ ಗಾರ್ಮೆಂಟ್ ಕಾರ್ಖಾನೆಗೆ ಹೊರಟ ಹೆಣ್ಣುಮಗಳಿರುತ್ತಾಳೆ. ದೂರದ ಊರಿನಿಂದ ಮಂಗಳೂರಿನ ಅಥವಾ ಬೆಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವ ಮನೆಯವರಿರುತ್ತಾರೆ. ಪರೀಕ್ಷೆಗೆ ಹೊರಟ ವಿದ್ಯಾರ್ಥಿ ಇರುತ್ತಾನೆ. ಸಾವಿನ ಸುದ್ದಿ ಕೇಳಿ ಊರಿಗೆ ಧಾವಿಸುತ್ತಿರುವವರೂ ಇರುತ್ತಾರೆ. ಕಾರಿದ್ದವನು ಗಾಜು ಏರಿಸಿ ತನಗೆ ಬೇಕಾದ ಮೌನವನ್ನು ಪಡೆದುಕೊಳ್ಳುತ್ತಾನೆ. ಬಸ್ಸಿನ ಪ್ರಯಾಣಿಕನಿಗೆ ಆ ಅನುಕೂಲವಿಲ್ಲ. ಎಷ್ಟೋ ಮಂದಿ ದುಡಿಯುವ ಜನರಿಗೆ ದಿನದಲ್ಲಿ ಸುಮ್ಮನೆ ಕಣ್ಣು ಮುಚ್ಚಿ ಕೂರಲು ಸಿಗುವ ಸಮಯವೆಂದರೆ ಈ ಪ್ರಯಾಣದ ಒಂದೆರಡು ಗಂಟೆ ಮಾತ್ರ. ಅದನ್ನು ಕಸಿದುಕೊಳ್ಳುವುದು ಬಡವನ ವಿಶ್ರಾಂತಿಯನ್ನು ಕಸಿದುಕೊಂಡಂತೆ.

ಕಣ್ಣಿಗೆ ರೆಪ್ಪೆಯಿದೆ. ಬೇಡವಾದುದನ್ನು ನೋಡದಿರಬಹುದು. ಕಿವಿಗೆ ಅಂತಹ ರೆಪ್ಪೆಯಿಲ್ಲ. ಬೀದಿಯಲ್ಲಿ ಗದ್ದಲವಿದ್ದರೆ ಎದ್ದು ಬೇರೆಡೆಗೆ ಹೋಗಬಹುದು. ಓಡುತ್ತಿರುವ ಬಸ್ಸಿನಿಂದ ಎಲ್ಲಿಗೆ ಹೋಗುವುದು? ಹೀಗೆ ತಪ್ಪಿಸಿಕೊಳ್ಳಲಾಗದೆ ಕುಳಿತ ಕೇಳುಗನ ಪ್ರಶ್ನೆ ಅಮೆರಿಕದ ಅತ್ಯುನ್ನತ ನ್ಯಾಯಾಲಯದ ಮುಂದೆಯೂ ಬಂದಿತ್ತು. 1948ರಲ್ಲಿ ವಾಷಿಂಗ್ಟನ್ ನಗರದ ಸಾರಿಗೆ ಕಂಪೆನಿಯೊಂದು ತನ್ನ ಬಸ್ಸು ಮತ್ತು ಟ್ರಾಮ್‌ಗಳಲ್ಲಿ ಧ್ವನಿವರ್ಧಕ ಅಳವಡಿಸಿ ರೇಡಿಯೋ ಕಾರ್ಯಕ್ರಮಗಳನ್ನು ಬಿತ್ತರಿಸಲು ತೊಡಗಿತು. ಸಂಗೀತದ ನಡುವೆ ಜಾಹೀರಾತುಗಳೂ ಇದ್ದವು. ಇಬ್ಬರು ಪ್ರಯಾಣಿಕರು ಇದನ್ನು ಪ್ರಶ್ನಿಸಿದರು. 1952ರಲ್ಲಿ ತೀರ್ಪು ಬಂದಾಗ ಬಹುಮತವು ಕಂಪೆನಿಯ ಪರವಾಗಿತ್ತು. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಪ್ಪಲಿಲ್ಲ. ಮನೆಯಲ್ಲಿ ರೇಡಿಯೋ ಬೇಡವಾದರೆ ಆರಿಸಬಹುದು, ಆದರೆ ಅನಿವಾರ್ಯತೆಯಿಂದ ಬಸ್ಸು ಹತ್ತಿದವನು ಕೇಳುತ್ತಲೇ ಇರಬೇಕಾಗುತ್ತದೆ, ಅವನು ಬಂದಿಯಾದ ಶ್ರೋತೃ ಎಂಬುದು ಅವರ ಭಿನ್ನಮತದ ಸಾರ. ಇನ್ನೊಬ್ಬ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಆ ಮೊಕದ್ದಮೆಯಿಂದಲೇ ಹಿಂದೆ ಸರಿದರು. ಈ ಪದ್ಧತಿಯಿಂದ ಸ್ವತಃ ತೊಂದರೆ ಅನುಭವಿಸಿದವನಾದುದರಿಂದ ತನ್ನ ಮನಸ್ಸು ಇದರಲ್ಲಿ ತಟಸ್ಥವಾಗಿಲ್ಲ ಎಂಬುದು ಅವರು ಕೊಟ್ಟ ಕಾರಣ. ದೇಶದ ಅತ್ಯುನ್ನತ ನ್ಯಾಯಪೀಠದ ಮೇಲೆ ಕುಳಿತವರನ್ನೂ ವಿಚಲಿತಗೊಳಿಸಿದ ವಿಷಯವನ್ನು ಕ್ಷುಲ್ಲಕವೆನ್ನಲಾದೀತೇ?

ನಮ್ಮಲ್ಲಿ ಈ ಪಿಡುಗು ಬೆಳೆದ ಬಗೆಯನ್ನೂ ಗಮನಿಸಬೇಕು. ಹಿಂದೆ ಗದ್ದಲವೆಂದರೆ ವಾಹನದ್ದೇ ಆಗಿತ್ತು. ಖಾಸಗಿ ಬಸ್ಸುಗಳ ಟೇಪ್ ರೆಕಾರ್ಡರ್, ರಾತ್ರಿ ಬಸ್ಸುಗಳ ವೀಡಿಯೋ ಸಿನಿಮಾ, ಕಿವಿ ಸೀಳುವ ಹಾರ್ನ್. ಆಗ ದೂರಬೇಕಾದರೆ ಚಾಲಕನನ್ನೋ ಮಾಲಕನನ್ನೋ ದೂರಬಹುದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ದರ ಸಮರ ನಡೆದು ಮೊಬೈಲ್ ಡೇಟಾ ಬಹಳ ಅಗ್ಗವಾಯಿತು. ಕಿರು ವೀಡಿಯೋಗಳು ಬಂದವು. ಅಲ್ಲಿಂದ ಪ್ರತಿಯೊಬ್ಬ ಪ್ರಯಾಣಿಕನ ಜೇಬಿನಲ್ಲೂ ಒಂದು ಧ್ವನಿವರ್ಧಕ ಬಂದು ಕುಳಿತಿತು. ಒಂದು ಹಾಡನ್ನಾದರೂ ಪೂರ್ತಿ ಕೇಳಿಸಿದ್ದರೆ ಪಕ್ಕದವನು ಹೇಗಾದರೂ ಸಹಿಸಿಕೊಳ್ಳುತ್ತಿದ್ದನೇನೋ. ಈ ಕಿರು ವೀಡಿಯೋಗಳಲ್ಲಿ ಹದಿನೈದು ಸೆಕೆಂಡಿಗೆ ಒಂದು ನಗು, ಮರುಕ್ಷಣ ಒಂದು ಬೈಗುಳ, ಅದರ ಬೆನ್ನಿಗೇ ಒಂದು ಅಳು. ನೋಡುವವನಿಗೆ ಚಿತ್ರವಾದರೂ ಇದೆ. ಪಕ್ಕದವನಿಗೆ ಸಿಗುವುದು ಈ ಚೂರುಚೂರು ಸದ್ದು ಮಾತ್ರ.

ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುವುದು ಏಕೆ ಇಷ್ಟು ಕಿರಿಕಿರಿಯೆನಿಸುತ್ತದೆ ಎಂಬುದರ ಬಗ್ಗೆ ವಿದ್ವಾಂಸರು ಅಧ್ಯಯನ ನಡೆಸಿದ್ದಾರೆ. 2004ರಲ್ಲಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಆಂಡ್ರ್ಯೂ ಮಾಂಕ್ ಮತ್ತು ಸಂಗಡಿಗರು ರೈಲಿನಲ್ಲಿ ಹಾಗೂ ಬಸ್ ನಿಲ್ದಾಣದಲ್ಲಿ ಪ್ರಯೋಗ ಮಾಡಿದರು. ಇಬ್ಬರು ಎದುರುಬದುರಾಗಿ ಆಡುವ ಮಾತಿಗಿಂತ ಒಬ್ಬನೇ ಫೋನಿನಲ್ಲಿ ಆಡುವ ಮಾತು ಜನರಿಗೆ ಹೆಚ್ಚು ಕಿರಿಕಿರಿಯುಂಟುಮಾಡುತ್ತದೆ ಎಂದು ಕಂಡುಬಂತು. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರ ಅಧ್ಯಯನ ಅದಕ್ಕೊಂದು ಕಾರಣವನ್ನು ತೋರಿಸಿತು. ಸಂಭಾಷಣೆಯ ಅರ್ಧ ಭಾಗ ಮಾತ್ರ ಕಿವಿಗೆ ಬಿದ್ದಾಗ, ಉಳಿದರ್ಧವನ್ನು ಊಹಿಸುವ ಕೆಲಸಕ್ಕೆ ನಮ್ಮ ಮೆದುಳು ತಾನಾಗಿಯೇ ಇಳಿದುಬಿಡುತ್ತದೆ. ಕೇಳಬಾರದೆಂದುಕೊಂಡರೂ ಗಮನ ಅತ್ತಲೇ ಹೋಗುತ್ತದೆ. ಆದುದರಿಂದ 'ನಿಮಗೆ ಬೇಡವಾದರೆ ಕೇಳಬೇಡಿ' ಎಂಬ ಉತ್ತರಕ್ಕೆ ಅರ್ಥವಿಲ್ಲ. ಕೇಳದಿರುವುದು ಕೇಳುಗನ ಕೈಯಲ್ಲಿಲ್ಲ.

ಇನ್ನೊಂದು ಅಂಶವನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ದಾಖಲಿಸಿದ್ದಾರೆ. ಸುತ್ತ ಸದ್ದು ಹೆಚ್ಚಿದಾಗ ಮನುಷ್ಯ ತನಗರಿವಿಲ್ಲದೆಯೇ ತನ್ನ ದನಿ ಏರಿಸುತ್ತಾನೆ. ಬಸ್ಸಿನಲ್ಲಿ ನಡೆಯುವುದು ಇದೇ. ಎಂಜಿನ್ನಿನ ಸದ್ದಿಗೆ ಒಬ್ಬ ಫೋನಿನ ವಾಲ್ಯೂಮ್ ಹೆಚ್ಚಿಸುತ್ತಾನೆ. ಅವನ ಹಾಡಿನ ನಡುವೆ ತನ್ನ ಮಾತು ಕೇಳಿಸಲೆಂದು ಹಿಂದಿನವನು ಕೂಗಿ ಮಾತನಾಡುತ್ತಾನೆ. ಆ ಕೂಗಿಗೆ ಮಗು ಎದ್ದು ಅಳುತ್ತದೆ. ಕೊನೆಗೆ ನಿರ್ವಾಹಕ 'ರೈಟ್' ಹೇಳಿದನೋ 'ಹೋಲ್ಡಾನ್' ಹೇಳಿದನೋ ಎಂಬುದೇ ಚಾಲಕನಿಗೆ ತಿಳಿಯದಂತಾದರೆ, ಇಳಿಯುತ್ತಿರುವ ವೃದ್ಧೆಯ ಕಾಲು ಚಕ್ರದಡಿಗೆ ಸಿಲುಕುವ ಅಪಾಯವಿದೆ. ಗದ್ದಲ ಆಗ ಕಿರಿಕಿರಿಯ ವಿಷಯವಾಗಿ ಉಳಿಯುವುದಿಲ್ಲ, ಪ್ರಾಣದ ವಿಷಯವಾಗುತ್ತದೆ.

ಗದ್ದಲವು ಆರ್ತನಾದವನ್ನು ನುಂಗಬಲ್ಲದು ಎಂಬುದಕ್ಕೆ ನಮ್ಮ ದೇಶದ ಒಂದು ಕಹಿ ಸತ್ಯವೇ ಸಾಕ್ಷಿ. ಶಬ್ದಮಾಲಿನ್ಯದ ಕುರಿತು ಸುಪ್ರೀಂ ಕೋರ್ಟ್ 2005ರ ಜುಲೈ 18ರಂದು ನೀಡಿದ ಪ್ರಸಿದ್ಧ ತೀರ್ಪಿನ ಹಿಂದೆ 13 ವರ್ಷದ ಬಾಲಕಿಯೊಬ್ಬಳ ದುರಂತವಿದೆ. ಅತ್ಯಾಚಾರಕ್ಕೊಳಗಾಗುತ್ತಿದ್ದಾಗ ಆಕೆ ಸಹಾಯಕ್ಕಾಗಿ ಕೂಗಿಕೊಂಡದ್ದು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂಬುದನ್ನು ನ್ಯಾಯಾಲಯದ ಗಮನಕ್ಕೆ ತರಲಾಗಿತ್ತು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿಯವರಿದ್ದ ಪೀಠ ಆ ತೀರ್ಪಿನಲ್ಲಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಶಾಂತಿಯಿಂದ ಬಾಳುವ ಹಕ್ಕೂ ಸೇರಿದೆ ಎಂದು ಸಾರಿತು. ಮಾತನಾಡುವ ಹಕ್ಕು ಒಬ್ಬನಿಗಿದ್ದರೆ, ಅದನ್ನು ಕೇಳದಿರುವ ಹಕ್ಕು ಇನ್ನೊಬ್ಬನಿಗಿದೆ ಎಂಬ ತತ್ವವನ್ನು ಅದು ಎತ್ತಿಹಿಡಿಯಿತು.

ಹಾಗೆಂದು ಬಸ್ಸು ಮತ್ತು ರೈಲಿಗೇ ಸಂಬಂಧಿಸಿದ ಆದೇಶಗಳು ಇಲ್ಲವೆಂದಲ್ಲ. ಬಸ್ಸಿನೊಳಗಿನ ಶಬ್ದದ ಹಾವಳಿಯ ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಬಳಿಕ, 2021ರ ನವೆಂಬರ್‌ನಲ್ಲಿ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರ್ ಮೂಲಕ ಗಟ್ಟಿಯಾಗಿ ಹಾಡು, ವೀಡಿಯೋ ಹಾಕುವುದನ್ನು ನಿಷೇಧಿಸಲಾಯಿತು. ಸಿಬ್ಬಂದಿ ಮೊದಲು ವಿನಂತಿಸಬೇಕು. ಕೇಳದಿದ್ದರೆ ಅಂತಹ ಪ್ರಯಾಣಿಕನನ್ನು ಬಸ್ಸಿನಿಂದ ಇಳಿಸಬಹುದು. 2022ರ ಜನವರಿಯಲ್ಲಿ ರೈಲ್ವೆ ಇಲಾಖೆ, ರಾತ್ರಿ 10 ಗಂಟೆಯ ಬಳಿಕ ಬೋಗಿಗಳಲ್ಲಿ ಗಟ್ಟಿಯಾಗಿ ಮಾತನಾಡುವುದು ಮತ್ತು ಸಂಗೀತ ಹಾಕುವುದನ್ನು ತಡೆಯುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತು. ಮುಂಬಯಿಯ ಬೆಸ್ಟ್ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ತನ್ನ ಬಸ್ಸುಗಳಿಗೂ ಇಂತಹ ನಿಷೇಧ ತಂದಿತು. ಹಾರ್ನಿನ ವಿಷಯದಲ್ಲಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಕರ್ಕಶವಾದ, ಬಹುಸ್ವರದ ಹಾರ್ನ್‌ಗಳನ್ನು ನಿಷೇಧಿಸಿವೆ.

ಇಷ್ಟೆಲ್ಲ ಇದ್ದೂ ಬಸ್ಸಿನೊಳಗೆ ಏನೂ ಬದಲಾಗಿಲ್ಲವೇಕೆ? ನಿಯಮವನ್ನು ಜಾರಿಗೊಳಿಸಬೇಕಾದ ನಿರ್ವಾಹಕನ ಸ್ಥಿತಿಯನ್ನೊಮ್ಮೆ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಸರಕಾರಿ ಬಸ್ಸುಗಳಲ್ಲಿ ಪ್ರಯಾಣಿಕರ ಸಂಖ್ಯೆ ಏರಿದೆ. ಬಡ ಹೆಣ್ಣುಮಕ್ಕಳಿಗೆ ಓಡಾಟದ ಸ್ವಾತಂತ್ರ್ಯ ಕೊಟ್ಟ ಈ ಯೋಜನೆ ಸ್ವಾಗತಾರ್ಹ. ಆದರೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಟಿಕೆಟ್ ಕೊಡುವ, ಚಿಲ್ಲರೆ ಹುಡುಕುವ, ಬಾಗಿಲು ಕಾಯುವ ನಿರ್ವಾಹಕನ ಹೆಗಲಿಗೇ ಶಿಸ್ತು ಕಾಪಾಡುವ ಕೆಲಸವನ್ನೂ ಹೊರಿಸಿ, ಅವನ ಬೆಂಬಲಕ್ಕೆ ಯಾರೂ ನಿಲ್ಲದಿದ್ದರೆ ಅವನೇನು ಮಾಡಿಯಾನು? ಒಬ್ಬ ಯುವಕನಿಗೆ ಬುದ್ಧಿ ಹೇಳಲು ಹೋಗಿ ಜಗಳವಾದರೆ, ಉಳಿದ ನಲವತ್ತೊಂಬತ್ತು ಮಂದಿ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಗದ್ದಲ ಮಾಡುವವನು ಒಬ್ಬ. ಅದನ್ನು ಉಳಿಸುವುದು ಉಳಿದವರ ಈ ಮೌನ.

ಸಹೋದರರೇ, ಇಲ್ಲಿ ನಾವು ಒಂದು ಎಚ್ಚರಿಕೆಯನ್ನೂ ಪಾಲಿಸಬೇಕಾಗಿದೆ. ನಮ್ಮ ಆಕ್ಷೇಪ ಶಬ್ದದ ಬಗ್ಗೆಯೋ, ಶಬ್ದ ಮಾಡುವ ವ್ಯಕ್ತಿಯ ಬಗ್ಗೆಯೋ? ಎರಡನೇ ಸಾಲಿನ ಸೂಟುಧಾರಿ ಅರ್ಧ ಗಂಟೆ ಇಂಗ್ಲಿಷಿನಲ್ಲಿ ವ್ಯವಹಾರ ಮಾತನಾಡಿದರೆ ಸುಮ್ಮನಿದ್ದು, ಹಿಂದಿನ ಸಾಲಿನ ಕೂಲಿಕಾರ್ಮಿಕ ಊರಿನ ತಾಯಿಯೊಂದಿಗೆ ಎರಡು ನಿಮಿಷ ಮಾತನಾಡಿದರೆ ಗದರುವುದು ನ್ಯಾಯವಲ್ಲ. ಅವರ ಭಾಷೆ ನಮಗೆ ಅಪರಿಚಿತ, ಅವರ ಉಡುಪು ನಮಗೆ ಹಿಡಿಸದು ಎಂಬ ಕಾರಣಕ್ಕೆ ನಮ್ಮ ಕಿವಿ ಹೆಚ್ಚು ಸೂಕ್ಷ್ಮವಾದರೆ, ಅದು ಶಾಂತಿಪ್ರಿಯತೆಯಲ್ಲ, ಪೂರ್ವಗ್ರಹ. ಹಾಗೆಯೇ, ಸದ್ದಿನಲ್ಲಿ ಏನಿದೆ ಎಂಬುದೂ ಮಾಫಿಗೆ ಕಾರಣವಾಗಬಾರದು. ಸಿನಿಮಾ ಹಾಡು ತಪ್ಪು, ಧಾರ್ಮಿಕ ಪ್ರವಚನ ಸರಿ ಎನ್ನಲಾಗದು. ಭಜನೆಯಾಗಲಿ, ಕವ್ವಾಲಿಯಾಗಲಿ, ನಾಯಕನ ಭಾಷಣವಾಗಲಿ, ಕ್ರಿಕೆಟ್ ವೀಕ್ಷಕ ವಿವರಣೆಯಾಗಲಿ, ಕೇಳಲು ಒಪ್ಪದವನ ಕಿವಿಗೆ ತುರುಕಿದರೆ ಅದು ಒತ್ತಾಯವೇ. ನಮಗೆ ಪ್ರಿಯವಾದುದನ್ನು ಇನ್ನೊಬ್ಬರು ದ್ವೇಷಿಸುವಂತೆ ಮಾಡಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಎಲ್ಲ ಸದ್ದೂ ಅಪರಾಧವಲ್ಲ ಎಂಬ ವಿವೇಕವೂ ಬೇಕು. ಹಸಿದ ಮಗು ಅಳುತ್ತದೆ. ಅದರ ತಾಯಿಯನ್ನು ದುರುಗುಟ್ಟಿ ನೋಡುವ ಬದಲು ಆಕೆಗೊಂದು ಸೀಟು ಬಿಟ್ಟುಕೊಡುವುದು ಮನುಷ್ಯತ್ವ. ಕಿವಿ ಮಂದವಾದ ಹಿರಿಯರು ಗಟ್ಟಿಯಾಗಿಯೇ ಮಾತನಾಡುತ್ತಾರೆ. ಆಸ್ಪತ್ರೆಯಿಂದ ಬಂದ ಕರೆಗೆ ಒಬ್ಬ ಗಾಬರಿಯಿಂದ ಉತ್ತರಿಸುತ್ತಿರಬಹುದು. ನಮ್ಮ ಆಕ್ಷೇಪ ಇರಬೇಕಾದುದು, ಒಂದು ಗುಂಡಿ ಒತ್ತಿದರೆ ನಿಲ್ಲಿಸಬಹುದಾದ ಸದ್ದನ್ನು ನಿಲ್ಲಿಸದಿರುವ ಉದಾಸೀನದ ಬಗ್ಗೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಕೇಳಬೇಕು. ನಮ್ಮಲ್ಲಿ ಹೆಚ್ಚಿನವರು ಒಂದು ಗಂಟೆ ಹಲ್ಲುಕಚ್ಚಿ ಸಹಿಸುತ್ತಾರೆ, ಆಮೇಲೆ ಒಮ್ಮೆಲೇ ಸಿಡಿಯುತ್ತಾರೆ. ಸಿಡಿದ ಮಾತಿಗೆ ಸಿಡಿಮಾತೇ ಉತ್ತರ. ಅದಕ್ಕೆ ಬದಲಾಗಿ, ಕಿರಿಕಿರಿ ಸಿಟ್ಟಾಗುವ ಮೊದಲೇ, ಪಕ್ಕದವನಿಗೆ ಮಾತ್ರ ಕೇಳಿಸುವಂತೆ, 'ಅಣ್ಣಾ, ತಲೆ ನೋಯ್ತಾ ಇದೆ, ಸ್ವಲ್ಪ ಸೌಂಡ್ ಕಡಿಮೆ ಮಾಡ್ತೀರಾ?' ಎಂದು ಕೇಳಿ ನೋಡಿ. ಹುಡುಗನಾಗಿದ್ದರೆ 'ತಮ್ಮಾ, ಇಯರ್‌ಫೋನ್ ಇದ್ರೆ ಹಾಕ್ಕೋಪ್ಪಾ' ಎನ್ನಿ. ಹತ್ತು ಜನರೆದುರು ಅವಮಾನವಾಗದಿದ್ದರೆ ಹೆಚ್ಚಿನವರು ಸಂಕೋಚದಿಂದಲೇ ಸದ್ದು ತಗ್ಗಿಸುತ್ತಾರೆ. ಎಷ್ಟೋ ಮಂದಿಗೆ ತಮ್ಮಿಂದ ತೊಂದರೆಯಾಗುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಅವರು ಒಪ್ಪಿದಾಗ ಒಂದು ಕೃತಜ್ಞತೆಯ ಮಾತು ಹೇಳಲು ಮರೆಯಬೇಡಿ.

ಎರಡನೆಯದಾಗಿ, ಕೇಳಿದರೂ ಒಪ್ಪದಿದ್ದರೆ ವಾಗ್ವಾದಕ್ಕಿಳಿಯದೆ ನಿರ್ವಾಹಕನಿಗೆ ತಿಳಿಸಿ. ರೈಲಿನಲ್ಲಾದರೆ ಟಿಕೆಟ್ ತಪಾಸಣಾಧಿಕಾರಿಗೆ ಹೇಳಬಹುದು, 139 ಸಂಖ್ಯೆಗೆ ಕರೆ ಮಾಡಬಹುದು. ಮೂರನೆಯದಾಗಿ, ಬೇರೆಯವರು ಕೇಳಿದಾಗ ದನಿಗೂಡಿಸಿ. 'ಹೌದು, ನಮಗೂ ತೊಂದರೆಯಾಗ್ತಿದೆ' ಎಂದು ಇನ್ನಿಬ್ಬರು ಮೆಲ್ಲನೆ ಹೇಳಿದರೂ ಸಾಕು, ಅದು ಒಬ್ಬನ ಸಿಡುಕಾಗಿ ಉಳಿಯದೆ ಬಸ್ಸಿನ ಅಭಿಪ್ರಾಯವಾಗುತ್ತದೆ. ಹೆಣ್ಣುಮಕ್ಕಳನ್ನು ಗುರಿಯಾಗಿಸಿ ಅಶ್ಲೀಲ ಹಾಡು, ವೀಡಿಯೋ ಹಾಕುವುದು ಬೇರೆಯೇ ವಿಷಯ. ಅದು ಕಿರುಕುಳ. ಅಲ್ಲಿ ಸಹನೆಯ ಉಪದೇಶ ಬೇಡ. ಎಲ್ಲರೂ ಆಕೆಯ ಪರ ನಿಲ್ಲಬೇಕು, ಅಗತ್ಯವಾದರೆ 112ಕ್ಕೆ ಕರೆ ಮಾಡಬೇಕು.

ನಾಲ್ಕನೆಯದಾಗಿ, ದಯವಿಟ್ಟು ಇಂತಹ ಜಗಳಗಳ ವೀಡಿಯೋ ಮಾಡಿ ಹರಿಯಬಿಡಬೇಡಿ. ಬಸ್ಸಿನಲ್ಲಿ ಐದು ನಿಮಿಷದಲ್ಲಿ ಮುಗಿಯಬೇಕಾದ ಮಾತು, ಅರ್ಧಕ್ಕೆ ತುಂಡಾದ ವೀಡಿಯೋವಾಗಿ ಹೊರಬಂದರೆ ಅಲ್ಲಿ ವ್ಯಕ್ತಿಗಳಿರುವುದಿಲ್ಲ, ಗಡ್ಡ, ಕುಂಕುಮ, ಬುರ್ಖಾ, ಭಾಷೆ ಮಾತ್ರ ಇರುತ್ತವೆ. ಸದ್ದು ತಗ್ಗಿಸಲು ಹೊರಟವರು ಊರಿಗೇ ಬೆಂಕಿ ಹಚ್ಚಿದಂತಾಗಬಾರದು.

ಸರಕಾರ ಮತ್ತು ಸಾರಿಗೆ ಸಂಸ್ಥೆಗಳ ಹೊಣೆಯನ್ನೂ ಇಲ್ಲಿ ಹೇಳದಿರಲಾಗದು. ಸುತ್ತೋಲೆ ಹೊರಡಿಸಿ ಕಡತಕ್ಕೆ ಸೇರಿಸಿದರೆ ಕರ್ತವ್ಯ ಮುಗಿಯುವುದಿಲ್ಲ. ಪ್ರತಿ ಬಸ್ಸಿನಲ್ಲಿ, ಎಲ್ಲರಿಗೂ ಕಾಣುವಂತೆ, ಓದಲು ಬಾರದವರಿಗೂ ಅರ್ಥವಾಗುವ ಚಿತ್ರದೊಂದಿಗೆ ಈ ನಿಯಮವಿರಬೇಕು. ನಿರ್ವಾಹಕ ಅದರತ್ತ ಬೆರಳು ತೋರಿಸಿದರೆ ಮಾತು ವೈಯಕ್ತಿಕವಾಗುವುದಿಲ್ಲ. ಅವನ ಮೇಲೆ ಕೈಮಾಡಿದವರ ವಿರುದ್ಧ ಸಂಸ್ಥೆ ಅವನ ಬೆನ್ನಿಗೆ ನಿಲ್ಲಬೇಕು. ಖಾಸಗಿ ಬಸ್ಸಿನ ಮಾಲಕರು ತಮ್ಮ ಸಂಗೀತ ಮತ್ತು ಹಾರ್ನ್‌ಗಳನ್ನು ಮೊದಲು ತಗ್ಗಿಸಬೇಕು. ಬಸ್ಸೇ ಅಬ್ಬರಿಸುತ್ತಿರುವಾಗ ಪ್ರಯಾಣಿಕನಿಗೆ ಮೌನ ಬೋಧಿಸುವ ನೈತಿಕತೆ ಯಾರಿಗಿದೆ? ಜಪಾನಿನ ರೈಲುಗಳಲ್ಲಿ ಫೋನನ್ನು ಮೌನಸ್ಥಿತಿಯಲ್ಲಿಡಿ, ಕರೆ ಮಾಡಬೇಡಿ ಎಂಬ ವಿನಂತಿ ನಿತ್ಯ ಕೇಳಿಬರುತ್ತದೆ. ಅಲ್ಲಿ ಕೆಲಸ ಮಾಡುತ್ತಿರುವುದು ದಂಡಕ್ಕಿಂತ ಹೆಚ್ಚಾಗಿ ಸತತವಾದ ವಿನಂತಿ ಮತ್ತು ಅದನ್ನು ಪಾಲಿಸುವವರ ನಿದರ್ಶನ. ಅಮೆರಿಕದ ರೈಲುಗಳಲ್ಲಿ 2000ದ ಸುಮಾರಿಗೆ ಮೌನ ಬೋಗಿಗಳು ಆರಂಭವಾದುದಕ್ಕೆ ಕಾರಣರಾದವರು ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ಗೆ ಮುಂಜಾನೆ ಹೊರಡುವ ನಿತ್ಯದ ಪ್ರಯಾಣಿಕರು. ಅವರು ಒಗ್ಗೂಡಿ ಕೇಳಿದರು, ರೈಲ್ವೆ ಒಪ್ಪಿತು. ನಮ್ಮ ಪಾಸ್ ಪ್ರಯಾಣಿಕರಿಗೂ ಇದು ಅಸಾಧ್ಯವಲ್ಲ.

ಕೊನೆಯದಾಗಿ, ಈ ಕೆಲಸ ಮನೆಯಿಂದಲೇ ಆರಂಭವಾಗಬೇಕಾಗಿದೆ. ಮಗು ಅಳಬಾರದೆಂದು ಕೈಗೆ ಮೊಬೈಲ್ ಕೊಡುವ ನಾವು, ಸದ್ದನ್ನು ತಗ್ಗಿಸಿ ಕೊಡಲು ಕಲಿಸುತ್ತೇವೆಯೇ? ಊಟದ ಹೊತ್ತಿನಲ್ಲಿ ತಂದೆಯೇ ಗಟ್ಟಿಯಾಗಿ ವೀಡಿಯೋ ನೋಡುತ್ತಿದ್ದರೆ, ಮಗ ಬಸ್ಸಿನಲ್ಲಿ ಬೇರೆ ರೀತಿ ವರ್ತಿಸುವುದು ಹೇಗೆ? ಹಕ್ಕುಗಳಿಗಾಗಿ ಬೀದಿಗಿಳಿಯುವ ಸಂಘಟನೆಗಳ ಕಾರ್ಯಕರ್ತರು ಸಮಾವೇಶ ಮುಗಿಸಿ ಮರಳುವಾಗ ರಾತ್ರಿ ರೈಲಿನಲ್ಲಿ ಹೇಗಿರುತ್ತಾರೆ ಎಂಬುದೂ ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ. ಎಲ್ಲ ಪಕ್ಷಗಳವರೂ, ಎಲ್ಲ ಸಮುದಾಯಗಳವರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ನಾಳೆ ಬೆಳಗ್ಗೆ ನಿಮ್ಮಲ್ಲಿ ಹೆಚ್ಚಿನವರು ಬಸ್ಸು ಹತ್ತುತ್ತೀರಿ. ಜೇಬಿನಲ್ಲಿ ಒಂದು ಇಯರ್‌ಫೋನ್ ಇರಲಿ. ಫೋನ್ ಬಂದರೆ ದನಿ ತಗ್ಗಲಿ, ಮಾತು ಚಿಕ್ಕದಾಗಲಿ. ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿರುವ ವ್ಯಕ್ತಿ ಯಾವ ಜಾತಿ, ಯಾವ ಧರ್ಮ, ಯಾವ ಪಕ್ಷದವನೆಂಬುದು ನಿಮಗೆ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಆತ ದಣಿದಿದ್ದಾನೆ ಎಂಬುದಷ್ಟು ಗೊತ್ತಿದ್ದರೆ ಸಾಕು.